ಮಹಾನಂದಾ ಕಂಪನಿಗೊಂದು ಪಡಸಾಲೆ ಹುಡುಕಿದ್ದು

ಮಹಾನಂದಾಳಿಗೆ ಹುರುಪು ಬಂದರೆ ಮೊದಲು ಗೊತ್ತಾಗುವುದು ಅವಳ ಗಂಡ ಶಿವಪುತ್ರನಿಗೆ. ಒಲೆಯ ಮೇಲೆ ಹಾಲಿಟ್ಟು ಮರೆತಿರುತ್ತಾಳೆ. ಎರಡು ಕಾಲಿಗೆ ಎರಡು ತರದ ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿರುತ್ತಾಳೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ದಾರಿಹೋಕರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಮಾತಾಡುತ್ತಿರುತ್ತಾಳೆ. ಶಿವಪುತ್ರ ಹಾಲಿಳಿಸಿ, ಸರಿಯಾದ ಜೊತೆ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡುತ್ತಾನೆ. ಬಾಗಲಕೋಟೆ ನವನಗರದ ಆ ಸೆಕ್ಟರಿನವರಿಗೆ ಇದೆಲ್ಲ ರೂಢಿಯಾಗಿ ಹೋಗಿದೆ. "ಇವತ್ತೇನ್ರಿ ಅಕ್ಕಾರಿಗೆ?" ಎಂದು ಎದುರು ಮನೆಯವರು ಕೇಳುತ್ತಾರೆ. ಈ ಸಲದ ಜೂನ್ ತಿಂಗಳಲ್ಲಿ ಅವನು ಕೊಟ್ಟ ಉತ್ತರ ಮಾತ್ರ ಅವರ ತಲೆಗೆ ಹತ್ತಲಿಲ್ಲ. "ಇಂಟ್ರಾನೆಟ್ ಅಂತರಿ," ಎಂದಿದ್ದ ಶಿವಪುತ್ರ.

ಮಹಾನಂದಾ ಹುಟ್ಟಿದ್ದು ಕೆರೂರಿನ ನೇಕಾರರ ಮನೆಯಲ್ಲಿ. ಮಗ್ಗದ ಸದ್ದು ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿದವಳು. ಬಾದಾಮಿಗೆ ದಿನಾ ಬಸ್ಸಿನಲ್ಲಿ ನಿಂತು ಹೋಗಿ ಬಿ.ಕಾಂ. ಮುಗಿಸಿದಳು, ಅಂದಾನಪ್ಪ ಸಾಹುಕಾರರ ಸೀರೆ ಕಂಪನಿಗೆ ಬಿಲ್ಲು ಬರೆಯಲು ಸೇರಿದಳು. ಈಗ ನಲವತ್ತು ದಾಟಿದೆ, ಬಾಗಲಕೋಟೆಯ ಆಫೀಸೆಂದರೆ ಅವಳೇ. ಹೆಸರಿಗೆ ಒಂದು ಕಂಪನಿ, ಇರುವುದು ಮಾತ್ರ ಐದು ಊರಿನಲ್ಲಿ. ಹುನಗುಂದದಲ್ಲಿ ಸೀರೆಯ ಉದ್ದಕ್ಕೆ ಓಡುವ ಹಾಸಿನ ನೂಲು ತಯಾರಾಗುತ್ತದೆ, ಇಳಕಲ್ಲಿನಲ್ಲಿ ದೊಡ್ಡ ಮಗ್ಗದ ಮನೆ, ಕೆರೂರಿನಲ್ಲಿ ಸಣ್ಣದು, ಬಾದಾಮಿಯಲ್ಲಿ ಒಂದು ಅಂಗಡಿ, ಬಾಗಲಕೋಟೆಯಲ್ಲಿ ಒಂದು. ಇಲ್ಲಿ ಗಿರಾಕಿ ಕೇಳಿದ್ದು ಅಲ್ಲಿ ನೇಯುವವನ ಕಿವಿಗೆ ಮುಟ್ಟಬೇಕು. ಕಂಪನಿಯ ಉಸಿರು ನಿಂತಿರುವುದೇ ಅದರ ಮೇಲೆ.

ಮುಟ್ಟಿಸುತ್ತಿದ್ದದ್ದು ಯಾವುದು? ಫೋನಿನಲ್ಲಿನ ವಾಟ್ಸಾಪ್ ಗುಂಪು! ಅಬ್ಬಾ, ಆ ಗುಂಪನ್ನು ನೀವು ನೋಡಬೇಕಿತ್ತು. ಬೆಳಗಾದರೆ ಸಾಲುಸಾಲು ಶುಭೋದಯ, ಗುಲಾಬಿ ಹೂವು, ಉರಿಯುವ ದೀಪ. ಮಧ್ಯೆ ಇಳಕಲ್ಲಿನ ಯಾರದೋ ಮೊಮ್ಮಗನ ಹುಟ್ಟುಹಬ್ಬದ ಕೇಕು. ಅದಕ್ಕೆ ಮೂವತ್ತು ಜನರ ಕೈಮುಗಿದ ಚಿತ್ರ. ಬೊಜ್ಜು ಕರಗಿಸುವ ಕಷಾಯ. ಈ ಸಂತೆಯ ನಡುವೆ ಎಲ್ಲೋ ಒಂದು ಕಡೆ ಕಂಪನಿಯ ಕೆಲಸದ ಮಾತು ಬಡಪಾಯಿಯಂತೆ ಕೂತಿರುತ್ತಿತ್ತು.

ಮೇ ತಿಂಗಳಿನಲ್ಲಿ ಆದದ್ದು ಹಾಗೆಯೇ. ಹುನಗುಂದದ ಒಂದು ಮದುವೆ ಮನೆಯವರು ಬೀಗರಿಗೆ ಉಡಿಸಲು ಸೀರೆ ಹೇಳಿದ್ದರು. ಹಾಸು ಕೆಂಪು, ಅಡ್ಡಕ್ಕೆ ಹೊಡೆಯುವ ಹೊಕ್ಕಿನ ನೂಲು ಕರಿ. ಮಾರನೆಯ ದಿನ ಮದುಮಗಳ ಅಜ್ಜಿ ಮೂಗು ಮುರಿದರು. ಮದುವೆಗೆ ಕರಿ ಬೇಡವೇ ಬೇಡ, ಹಸಿರು ಹೊಕ್ಕು ಹಾಕಿ ಎಂದರು. ಬಾಗಲಕೋಟೆ ಅಂಗಡಿ ನೋಡಿಕೊಳ್ಳುವ ಐಶ್ವರ್ಯ, ಅಂದಾನಪ್ಪನವರ ಮಗಳು, ತಕ್ಷಣ ಗುಂಪಿಗೆ ಹಾಕಿದಳು. ಕೆರೂರಿನವರು ಕೇಕು ನೋಡಿದರು, ಕಷಾಯ ನೋಡಿದರು, ಇದನ್ನೊಂದು ಬಿಟ್ಟು ಎಲ್ಲವನ್ನೂ ನೋಡಿದರು. ಅಷ್ಟೂ ಸೀರೆ ಕರಿ ಹೊಕ್ಕಿನಲ್ಲೇ ನೇಯ್ದು, ಮಡಚಿ, ಕಳಿಸಿಬಿಟ್ಟರು. ಅಜ್ಜಿ ಗಂಟನ್ನು ಹೊಸ್ತಿಲ ಹೊರಗಿಂದಲೇ ವಾಪಸು ಕಳಿಸಿದರು.

ಅಂದಾನಪ್ಪನವರು ಮಾತು ಕಮ್ಮಿಯ ಮನುಷ್ಯ. ಸಿಟ್ಟು ಬಂದರೆ ಇನ್ನೂ ಕಮ್ಮಿ. ಆಫೀಸಿಗೆ ಬಂದವರು ಕೂಡಲೂ ಇಲ್ಲ.

"ಸಾಕು," ಎಂದರು. "ನಾಗರ ಪಂಚಮಿ ಮುಗಿದ ಮ್ಯಾಲ ಕೆರೂರ ಮಗ್ಗದ ಮನಿ ಬಂದ್. ಬರೂವವ್ರು ಇಳಕಲ್ಲಿಗೆ ಬರ್ಲಿ. ಎಲ್ಲಾರೂ ಒಂದ ಸೂರಿನ ಕೆಳಗ ಇದ್ರ ಒದರಿ ಹೇಳಿದ್ರೂ ಕೇಳತೈತಿ."

ಬರುವವರು ಬರಲಿ! ಹೇಳುವುದೇನೋ ಸಲೀಸು. ಕೆರೂರಿನ ಆ ಮನೆಯಲ್ಲಿ ನೇಯುವವರು ಅಲ್ಲಿಯೇ ಹುಟ್ಟಿ ಅಲ್ಲಿಯೇ ತಲೆ ನರೆತವರು. ಇಳಕಲ್ಲೆಂದರೆ ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದೆ. ಮಹಾನಂದಾಳ ಕಾಕಾ ಗೋವಿಂದಪ್ಪ ಅಲ್ಲಿಯೇ ಕುಣಿಮಗ್ಗದಲ್ಲಿ ಇಳಿದು ನೇಯುತ್ತಾನೆ. ಅವಳ ಅವ್ವ ರತ್ನವ್ವ ಅಲ್ಲಿಯೇ ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅವ್ವನಿಂದ ಆ ರಾಟೆ ಕಸಿದರೆ ಅವ್ವ ಉಳಿಯುವುದಿಲ್ಲ. ಆದರೆ ಮಹಾನಂದಾ ಅಳುವ ಪೈಕಿಯಲ್ಲ, ಬಾಯಿ ತೆರೆಯುವ ಪೈಕಿ.

"ಸಾವ್ಕಾರ್ರ, ತಪ್ಪು ಕೆರೂರಿನವರದಲ್ರಿ, ಸಂತಿ ಒಳಗ ಕೂಗಿ ಹೇಳಿದ ನಮ್ಮದು. ದೊಡ್ಡ ದೊಡ್ಡ ಕಂಪನ್ಯಾಗ ಇಂಟ್ರಾನೆಟ್ ಅಂತ ಇರತೈತಿ. ಸಂತಿ ಬ್ಯಾರೆ, ಮನಿ ಪಡಸಾಲಿ ಬ್ಯಾರೆ ಅಲ್ಲೇನ್ರಿ? ಹಂಗ. ಕಂಪನಿ ಮಂದಿಗಷ್ಟ ಒಂದು ಪಡಸಾಲಿ, ಫೋನಿನ್ಯಾಗ. ಹೊರಗಿನವ್ರು ಬರೂದಿಲ್ಲ, ಕಷಾಯ ಕಾಸೂದಿಲ್ಲ. ಪಂಚಮಿ ತನಕ ಟೈಮ್ ಕೊಡ್ರಿ. ನಾ ಹುಡುಕಿ ತರ್ತೇನಿ."

ಅಂದಾನಪ್ಪನವರು ಅವಳನ್ನೇ ನೋಡಿದರು. "ಪಂಚಮಿ ಮುಂಚೆ ನಾನ ಒಂದು ಮಾತು ಕಳಿಸ್ತೇನಿ, ಯಾವಾಗ ಅಂತ ಹೇಳೂದಿಲ್ಲ. ಕೆರೂರಿಗೆ ಮುಟ್ಟಿದ್ರ ಮನಿ ಉಳೀತು. ಇಲ್ಲಂದ್ರ ನನ್ನ ಕೇಳಬ್ಯಾಡ," ಎಂದು ಹೊರಟೇ ಹೋದರು.

ಅವತ್ತಿನಿಂದ ಮಹಾನಂದಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆದರಿಕೆಯೂ ಇತ್ತು, ಆದರೆ ಹೆದರಿಕೆಗಿಂತ ಖುಷಿಯೇ ಒಂದು ಕೈ ಮೇಲು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಕಂಪನಿಗಾಗಿ ಏನನ್ನೋ ಆರಿಸಲು ಹೊರಟಿದ್ದಳು. ಸಿಕ್ಕ ಸಿಕ್ಕವರಿಗೆ ಫೋನು ಹಚ್ಚಿದಳು. ಮಾರುವವರು ಒಬ್ಬರಾದ ಮೇಲೊಬ್ಬರು ಪರದೆಯ ಮೇಲೆ ಪ್ರತ್ಯಕ್ಷರಾಗಿ ತಮ್ಮ ತಮ್ಮ ಸಾಮಾನು ಬಿಚ್ಚಿ ತೋರಿಸಿದರು. ಹುಡುಗಿ ನೋಡಲು ಬಂದ ಬೀಗರ ಹಾಗೆ ಮಹಾನಂದಾ, ಐಶ್ವರ್ಯ ಇಬ್ಬರೂ ಗಲ್ಲಕ್ಕೆ ಕೈಹಚ್ಚಿ ಕೂತು ಎಲ್ಲವನ್ನೂ ಕೇಳಿದರು. "ಕೊಡೂದು ತಗೊಳ್ಳೂದು ಆಮ್ಯಾಲ. ಮೊದಲ ನಮ್ಮ ಮನ್ಯಾಗ ಇದ್ದು ತೋರಿಸ್ಲಿ," ಎಂದಳು ಮಹಾನಂದಾ.

ಮೊದಲು ಬಂದದ್ದು ಬೆಂಗಳೂರಿನವರದು. ಏನು ಚೆಂದ ಅಂತೀರಿ! ತೆರೆದರೆ ಬಲೂನು ಹಾರುತ್ತಿದ್ದವು. ದಿನಾ ಬೆಳಿಗ್ಗೆ ಇವತ್ತು ನಿಮ್ಮ ಮನಸ್ಸು ಹೇಗಿದೆ ಎಂದು ಕೇಳಿ ನಾಲ್ಕೈದು ಮುಖ ತೋರಿಸುತ್ತಿತ್ತು. ಐಶ್ವರ್ಯಳಿಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು. ಕೆರೂರಿನವರಿಗೂ ಬಂತು, ಬೇರೆ ಕಾರಣಕ್ಕೆ. ಆ ಮುಖಗಳಲ್ಲಿ ಗೊಳೋ ಎಂದು ಅಳುವ ಒಂದು ಮುಖ ಥೇಟು ಗೋವಿಂದಪ್ಪ ಕಾಕಾನ ಹಾಗಿತ್ತು. ಎಲ್ಲರೂ ದಿನಾ ಅದನ್ನೇ ಒತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕನೆಯ ದಿನ ಬೆಂಗಳೂರಿನಿಂದ ಗಾಬರಿಯ ಫೋನು ಬಂತು. ಕೆರೂರಿನ ನಿಮ್ಮ ಸಿಬ್ಬಂದಿಯೆಲ್ಲ ತೀವ್ರ ದುಃಖದಲ್ಲಿದ್ದಾರೆ, ಯಾರನ್ನಾದರೂ ಕಳಿಸಿ ಸಮಾಧಾನ ಮಾಡಿಸಬೇಕೆ ಎಂದು ಕೇಳಿದರು. ಮಹಾನಂದಾ ನಗು ತಡೆಯಲಾರದೆ ಫೋನನ್ನು ಐಶ್ವರ್ಯಳ ಕೈಗೆ ಕೊಟ್ಟು ಹೊರಗೋಡಿದಳು. ಇಷ್ಟೆಲ್ಲ ಮುಖಗಳಿದ್ದರೂ ಆರ್ಡರಿನ ಮಾತು ಹುಡುಕಬೇಕಾದರೆ ಮೂರು ಬಾಗಿಲು ದಾಟಿ ಒಳಗೆ ಹೋಗಬೇಕಿತ್ತು. ಅದು ಅಲ್ಲಿಗೆ ಮುಗಿಯಿತು.

ಎರಡನೆಯದು ಪುಣೆಯವರದು, ಶಿಸ್ತೆಂದರೆ ಶಿಸ್ತು. ಯಾರು ಎಷ್ಟಕ್ಕೆ ಬಂದರು, ಎಷ್ಟಕ್ಕೆ ಹೋದರು ಎಲ್ಲವನ್ನೂ ಹೇಳುತ್ತಿತ್ತು. ಇದೇ ಆದೀತು ಎಂದು ಮಹಾನಂದಾ ಕುಣಿದಾಡುವ ಹೊತ್ತಿಗೆ ಮಣ್ಣೆತ್ತಿನ ಅಮವಾಸ್ಯೆ ಬಂತು. ಅಮವಾಸ್ಯೆಗೆ ಮಗ್ಗಕ್ಕೆ ರಜೆ, ಇದು ಅಜ್ಜ ಮುತ್ತಜ್ಜರ ಕಾಲದಿಂದ ನಡೆದದ್ದು. ಐದೂ ಊರಿನ ಮಂದಿ ಮಣ್ಣಿನ ಎತ್ತು ಪೂಜಿಸಿ ಕಡುಬು ಉಣ್ಣಲು ಕೂತಿದ್ದರು. ಭಾನುವಾರ ಬಿಟ್ಟು ಬೇರೆ ರಜೆ ಗೊತ್ತಿಲ್ಲದ ಆ ಸಾಫ್ಟ್‌ವೇರು ಇಡೀ ಕಂಪನಿಯೇ ಹೇಳದೆ ಕೇಳದೆ ಕೆಲಸಕ್ಕೆ ಚಕ್ಕರ್ ಹೊಡೆದಿದೆ ಎಂದು ತಿಳಿದು ಎಲ್ಲರಿಗೂ ಎಚ್ಚರಿಕೆಯ ನೋಟಿಸು ಕಳಿಸಿತು. ಎಲ್ಲರಿಗೂ ಅಂದರೆ ಎಲ್ಲರಿಗೂ. ಕಡುಬಿನ ತಾಟಿನ ಮುಂದೆ ಕೂತ ಅಂದಾನಪ್ಪನವರಿಗೂ ಒಂದು ಬಂತು.

"ಮಹಾನಂದಾ," ಎಂದರು ಫೋನಿನಲ್ಲಿ, "ನಾಳೆ ನಾ ಕೆಲಸಕ್ಕ ಬರ್ಲೋ ಬ್ಯಾಡೋ?"

ಅವರ ದನಿಯಲ್ಲಿ ನಗುವಿತ್ತೋ ಸಿಟ್ಟಿತ್ತೋ ಅವಳಿಗೆ ತಿಳಿಯಲಿಲ್ಲ. ಪುಣೆಯವರಿಗೂ ಕೈಮುಗಿದಳು.

ಮೂರನೆಯದು ಹುಬ್ಬಳ್ಳಿಯ ನಾಲ್ಕು ಜನ ಸೇರಿ ಕಟ್ಟಿದ್ದು. ಬಲೂನಿಲ್ಲ, ಮುಖವಿಲ್ಲ. ತೆರೆದರೆ ಕನ್ನಡದಲ್ಲಿ ಒಂದೇ ಪುಟ. ಆರ್ಡರಿನ ಮಾತನ್ನು ದನಿಯಲ್ಲೇ ಹೇಳಿ ಕಳಿಸಬಹುದು. ಕೇಳಿದವರು ದನಿಯಲ್ಲೇ ಉತ್ತರ ಹೇಳುವ ತನಕ ಅದು ಮೇಲೆಯೇ ಕೂತು ಗಂಟೆ ಬಾರಿಸುತ್ತಿರುತ್ತದೆ. ಶುಭೋದಯಕ್ಕೆ ಜಾಗವೇ ಇಲ್ಲ! ಮಹಾನಂದಾ ಕುರ್ಚಿಯಿಂದ ಎದ್ದು ನಿಂತಳು. "ಐಶು, ಇದ ನೋಡ್ ನಮ್ಮ ಪಡಸಾಲಿ!" ಎಂದು ಅವಳ ಬೆನ್ನಿಗೆ ಗುದ್ದಿದಳು. ಅವತ್ತೇ ಕೆರೂರಿನ ಒಬ್ಬೊಬ್ಬ ನೇಕಾರನ ಫೋನಿಗೂ ಅದನ್ನು ಹಾಕಿಸಿದಳು. ಮರುದಿನ ಬಾಗಲಕೋಟೆಯಿಂದ ತಾನೇ ಮೊದಲ ಮಾತು ಕಳಿಸಿ, ಉತ್ತರಕ್ಕೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತಳು.

ಉತ್ತರವಿಲ್ಲ. ಚಹಾ ಬಂತು, ಆರಿತು. ಉತ್ತರವಿಲ್ಲ. ಮಧ್ಯಾಹ್ನವಾಯಿತು. ಒಬ್ಬನಾದರೂ ಬಾಯಿ ಬಿಡಬಾರದೇ? ಪಂಚಮಿ ಕಣ್ಣೆದುರಿಗಿತ್ತು. ಸಾಹುಕಾರರ ಮಾತು ಯಾವ ಗಳಿಗೆಯಲ್ಲಾದರೂ ಹೊರಡಬಹುದಿತ್ತು. ಮಹಾನಂದಾ ಸಿಕ್ಕ ಬಸ್ಸು ಹತ್ತಿದಳು. ಕೆರೂರು ಬರುವ ತನಕ ಕಾಕಾನಿಗೂ ಉಳಿದವರಿಗೂ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು.

ಮಗ್ಗದ ಮನೆಯ ಬಾಗಿಲಲ್ಲೇ ಅವಳ ಬೈಗುಳ ಆವಿಯಾಯಿತು. ಒಳಗೆ ಮಗ್ಗಗಳು ಖಟಖಟ ನಡೆದಿದ್ದವು. ಗೋಡೆಯಲ್ಲಿ ಗೂಡಿನಂತೆ ಕೊರೆದ ಮಾಡಿನಲ್ಲಿ, ಬಸವಣ್ಣನ ಪಟದ ಕೆಳಗೆ, ಅಷ್ಟೂ ಫೋನುಗಳು ಒಂದು ಟವೆಲಿನಡಿ ಸಾಲಾಗಿ ಮಲಗಿದ್ದವು. ಎಲ್ಲವೂ ಒಟ್ಟಿಗೆ ಗಂಟೆ ಬಾರಿಸುತ್ತಿದ್ದವು. ಮಗ್ಗದ ಸದ್ದಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.

"ಕಾಕಾ! ಫೋನ್ ಯಾಕ ತಗೊಂಡಿಲ್ಲೋ?"

ಗೋವಿಂದಪ್ಪ ಕುಣಿಯೊಳಗಿಂದಲೇ ತಲೆಯೆತ್ತಿದ. ಕಾಲು ಎರಡೂ ತುಳಿಗೋಲಿನ ಮೇಲೆ, ಒಂದು ಕೈ ಲಾಳಿಯ ಹಗ್ಗಕ್ಕೆ, ಇನ್ನೊಂದು ಹಲಗೆಗೆ. "ಎದರಾಗ ಹಿಡೀಲೆವಾ?" ಎಂದ. "ಮಗ್ಗಕ್ಕ ಇಳಿಯೂ ಮುಂದ ಚಪ್ಪಲಿ ಹೊರಗ, ಫೋನ್ ಮಾಡಿನ್ಯಾಗ. ನಿಮ್ಮಪ್ಪ ಇದ್ದಾಗ ಬೀಡಿ ಕಟ್ಟೂ ಅಲ್ಲೇ ಇಡ್ತಿದ್ದ. ಮರತೀಯೇನ?"

ಮರೆತಿದ್ದಳು! ಮಗ್ಗದ ಸದ್ದಿನಲ್ಲಿ ಬೆಳೆದವಳು, ನೇಯುವವನಿಗೆ ಮೂರನೆಯ ಕೈ ಇಲ್ಲ ಎನ್ನುವುದನ್ನೇ ಮರೆತು ಎಲ್ಲರ ಕೈಗೂ ಒಂದೊಂದು ಗಂಟೆ ಕೊಟ್ಟಿದ್ದಳು. ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟಳು. ಇನ್ನೇನು, ಮುಗಿಯಿತು, ಇಳಕಲ್ಲೇ ಗತಿ ಎಂದುಕೊಂಡಳು.

ಆಗ ಅವ್ವ ರಾಟೆ ನಿಲ್ಲಿಸಿ ಎದ್ದಳು. ತುಂಬಿದ ಕಂಡಿಕೆಗಳನ್ನು ಬುಟ್ಟಿಗೆ ಹಾಕಿಕೊಂಡು, ಸೊಂಟ ಹಿಡಿದುಕೊಂಡು, ಒಂದು ಮಗ್ಗದಿಂದ ಇನ್ನೊಂದಕ್ಕೆ ನಡೆದಳು. ಖಾಲಿ ಕಂಡಿಕೆ ತೆಗೆದುಕೊಂಡಳು, ತುಂಬಿದ್ದು ಕೊಟ್ಟಳು. ಪ್ರತಿ ಮಗ್ಗದ ಮುಂದೆ ಲಾಳಿ ನಿಂತ ಆ ಒಂದು ಕ್ಷಣದಲ್ಲಿ ಒಂದೊಂದು ಮಾತು ಹೇಳಿದಳು. ಗೋವಿಂದಪ್ಪನಿಗೆ ಅವನ ಹೆಂಡತಿ ದವಾಖಾನೆಗೆ ಹೋಗಿದ್ದಾಳೆಂದಳು. ಅವನ ಪಕ್ಕದವನಿಗೆ ದಡಿಯ ಎಳೆ ಹರಿದದ್ದು ನೋಡಿಕೋ ಎಂದಳು. ಮೂಲೆಯವನಿಗೆ ನಾಳೆ ನಲ್ಲಿ ಬರುವುದಿಲ್ಲವಂತೆ ಎಂದಳು. ಹೇಳಿದ್ದು ಎಲ್ಲರಿಗೂ ಕೇಳಿಸಿತು, ಎಲ್ಲರೂ ಉತ್ತರ ಕೊಟ್ಟರು.

ಮಹಾನಂದಾ ಚಂಗನೆ ಎದ್ದಳು. "ಅವ್ವಾ! ನೀನ! ಖರೇನ ನೀನ ಅದ!" ಎಂದು ಅವ್ವನನ್ನು ಬುಟ್ಟಿಯ ಸಮೇತ ತಬ್ಬಿಕೊಂಡಳು. ಕಂಡಿಕೆಗಳು ನೆಲದ ತುಂಬ ಉರುಳಿದವು.

"ಏ ಹುಚ್ಚೀ, ನೂಲು ಸಿಕ್ಕಾಗ್ತಾವ, ಬಿಡ! ಏನಂತ ನಾ?"

ಅವ್ವನಿಗೆ ಉತ್ತರ ಹೇಳುವ ವ್ಯವಧಾನ ಯಾರಿಗಿತ್ತು? ಅಂಗಳಕ್ಕೆ ಓಡಿ ಹುಬ್ಬಳ್ಳಿಗೆ ಫೋನು ಹಚ್ಚಿದಳು. ಆ ನಾಲ್ವರಲ್ಲಿ ಒಬ್ಬನಾದ ಸಂತೋಷಕುಮಾರ ಎತ್ತಿದ.

"ಸಂತೋಷ್ ಅವರ, ಒಬ್ಬೊಬ್ಬರಿಗೆ ಒಂದೊಂದು ಬ್ಯಾಡ್ರಿ. ಇಡೀ ಮಗ್ಗದ ಮನಿಗೆ ಒಂದ ಫೋನು. ರಾಟಿ ಬಾಜೂಕ ಗ್ವಾಡಿಗೆ ಹಾಕ್ತೇನಿ. ನಮ್ಮವ್ವ ಕೇಳ್ತಾಳ, ನಮ್ಮವ್ವ ಹೋಗಿ ಹೇಳ್ತಾಳ, ನಮ್ಮವ್ವನ ಉತ್ತರಾ ಕೊಡ್ತಾಳ. ಆಗತೈತೇನ್ರಿ?"

"ಆಗತೈತ್ರಿ ಮೇಡಮ್. ಆದ್ರ ಅಮ್ಮಾರಿಗೆ ಪಾಸ್‌ವರ್ಡ್…"

"ನಮ್ಮವ್ವನ ದನೀನ ಪಾಸ್‌ವರ್ಡ್ ಅಂತ ತಿಳಕೋರಿ! ಈ ಊರಾಗ ಅಂಥಾ ದನಿ ಇನ್ನೊಂದಿಲ್ಲ."

ಅವನು ನಕ್ಕ. ಎರಡು ದಿನದಲ್ಲಿ ಹಾಗೆಯೇ ಮಾಡಿಯೂ ಕೊಟ್ಟ. ಒಂದು ದೊಡ್ಡ ಫೋನನ್ನು ರಾಟೆಯ ಪಕ್ಕದ ಗೋಡೆಗೆ ಸಿಕ್ಕಿಸಿದರು. ಮಾತು ಬಂದರೆ ಗಂಟೆಯ ಜೊತೆಗೆ ಕೆಂಪು ದೀಪವೂ ಹತ್ತುತ್ತಿತ್ತು. ಕೇಳಲು ಒಂದು ಗುಂಡಿ, ಹೇಳಲು ಒಂದು ಗುಂಡಿ, ಅಷ್ಟೇ. ರತ್ನವ್ವ ಮೊದಲ ದಿನ ಅದಕ್ಕೆ ಕುಂಕುಮ ಹಚ್ಚಿದಳು. ಎರಡನೆಯ ದಿನ ಗದರಿಸಿದಳು. ಮೂರನೆಯ ದಿನದಿಂದ ಅದು ಮನೆಯ ಆಳಾಯಿತು.

ಪಂಚಮಿ ಇನ್ನೇನು ಬಂತು ಎನ್ನುವಾಗ ಅಂದಾನಪ್ಪನವರು ಮಹಾನಂದಾಳನ್ನು ಬಾದಾಮಿ ಅಂಗಡಿಗೆ ಕರೆಸಿದರು. ಅವಳು ಒಳಗೆ ಬರುತ್ತಿದ್ದಂತೆ ಕೈಚಾಚಿ, "ನಿನ್ನ ಫೋನ್ ಕೊಡ ಇಲ್ಲಿ," ಎಂದರು. ಕೊಟ್ಟಳು. ಅದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ತಮ್ಮ ಫೋನು ಹಿಡಿದು ಬಾಗಿಲ ಆಚೆ ಹೋಗಿ, ಬೆನ್ನು ತಿರುಗಿಸಿ, ಏನನ್ನೋ ಮಾತಾಡಿ ಬಂದರು. ಅವಳಿಗೆ ಕೇಳಿಸಲಿಲ್ಲ.

"ಕಾರ್ ಹತ್ತ. ಕೆರೂರಿಗೆ ಹೋಗೂನು."

ಅವರೇ ಕಾರು ನಡೆಸಿದರು. ಮಹಾನಂದಾ ಸೀಟಿನ ತುದಿಯಲ್ಲಿ ಕೂತಿದ್ದಳು. ಕಿಟಕಿಯಾಚೆ ಹೆಸರಿನ ಹೊಲ ಹಸಿರಾಗಿ ನಿಂತಿದ್ದರೂ ಅವಳ ಕಣ್ಣಿಗೆ ಏನೂ ಬೀಳಲಿಲ್ಲ. ಅರ್ಧ ದಾರಿಯಲ್ಲಿ ಸಾಹುಕಾರರ ಕಿಸೆಯೊಳಗೆ ಫೋನು ಟಿಣ್ ಎಂದಿತು. "ಸಾವ್ಕಾರ್ರ, ಅದು…" ಎಂದಳು.

"ಗಾಡಿ ಹೊಡಿಯೂ ಮುಂದ ಫೋನ್ ನೋಡಬಾರ್ದು," ಎಂದರು ಅವರು. ಅಲ್ಲಾ, ಇಂಥ ಹೊತ್ತಿನಲ್ಲೂ ಒಬ್ಬ ಮನುಷ್ಯ ಇಷ್ಟು ಕಾಯಿದೆ ಪಾಲಿಸಬೇಕೆ?

ಕೆರೂರಿನ ಓಣಿಯಲ್ಲಿ ಕಾರು ನಿಂತಿತು. ಮಹಾನಂದಾ ಬಾಗಿಲು ತೆರೆದವಳು ಹಾಗೆಯೇ ನಿಂತಳು. ಮಗ್ಗದ ಸದ್ದಿಲ್ಲ. ಒಂದೂ ಇಲ್ಲ. ನಡುಹಗಲಿನಲ್ಲಿ, ಅಮವಾಸ್ಯೆಯಲ್ಲದ ದಿನ, ಆ ಮನೆ ಸದ್ದಿಲ್ಲದೆ ನಿಂತದ್ದನ್ನು ಅವಳು ಅಪ್ಪ ತೀರಿದ ದಿನ ಮಾತ್ರ ನೋಡಿದ್ದಳು.

"ಏನ್ ಹೇಳ್ತಿ ಈಗ?" ಎಂದರು ಅಂದಾನಪ್ಪನವರು. "ಮಾತು ಮುಟ್ಟೂದು ಹಂಗಿರ್ಲಿ, ಕೆಲಸಾನ ನಡದಿಲ್ಲ."

ಮಹಾನಂದಾ ಓಡಿದಳು. ಚಪ್ಪಲಿ ಒಂದು ಅಂಗಳದಲ್ಲಿ, ಒಂದು ಹೊಸ್ತಿಲಲ್ಲಿ. ಒಳಗೆ ನೋಡಿದರೆ ನೇಕಾರರೆಲ್ಲ ಮಗ್ಗದಿಂದ ಮೇಲೆದ್ದು ರಾಟೆಯ ಸುತ್ತ ನಿಂತಿದ್ದಾರೆ. ನಡುವೆ ರತ್ನವ್ವ, ಬೆರಳು ಗುಂಡಿಯ ಮೇಲೆ. ಗೋಡೆಯ ಫೋನಿನಿಂದ ಅಂದಾನಪ್ಪನವರ ದನಿ ಬರುತ್ತಿತ್ತು.

"ಗೋವಿಂದಪ್ಪನ ಮಗ್ಗದ ಹೊಸಾ ಸೀರಿಗೆ ಕರಿ ಹೊಕ್ಕು ಬ್ಯಾಡ, ಗಿಳಿಹಸಿರು ಹಾಕ್ರಿ." ಆಮೇಲೆ ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, ಸುಮ್ಮನೆ ನೆನಪಾಗಿ ಕೇಳಿದಂಥ ದನಿಯಲ್ಲಿ, "ಊಟಾ ಆತೇನ್ರವಾ ಎಲ್ಲಾರದು?"

"ಇನ್ನೊಮ್ಮಿ ಹಚ್ಚ, ವೈನಿ," ಎಂದ ಗೋವಿಂದಪ್ಪ. ಅವನ ಮಗ್ಗದಲ್ಲಿ, ಕೆಂಪು ಸೆರಗು ಮುಗಿದಲ್ಲಿಂದ ಮುಂದಕ್ಕೆ, ಗಿಳಿಹಸಿರಿನ ಹೊಕ್ಕು ಆಗಲೇ ನಾಲ್ಕು ಬೆರಳು ನಡೆದಿತ್ತು.

"ಎಷ್ಟ್ ಸಲಾ ಕೇಳ್ತೀರೋ?" ಎಂದಳು ಮಹಾನಂದಾ. ಅವಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದಿದ್ದವು.

"ಕೇಳೂದಿಲ್ಲೇನವಾ ಮತ್ತ?" ಎಂದ ಕಾಕಾ. "ಕೂಸಿದ್ದಾಗಿಂದ ಇವ್ರ ಮನ್ಯಾಗ ನೇಯಾಕತ್ತೇನಿ. ಬಣ್ಣಾ ಕೇಳ್ಯಾರ, ದಡಿ ಕೇಳ್ಯಾರ, ಯಾವಾಗ ಮುಗೀತೈತಿ ಅಂತ ಕೇಳ್ಯಾರ. ಉಂಡೀಯೇನು ಅಂತ ಇವತ್ತ ಕೇಳ್ಯಾರ ನೋಡ."

ಅಷ್ಟರಲ್ಲಿ ಗೋವಿಂದಪ್ಪನ ಕಣ್ಣು ಬಾಗಿಲ ಕಡೆ ಹೋಯಿತು. ಅಂದಾನಪ್ಪನವರು ಹೊಸ್ತಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗ್ಗದ ಕಡೆ ನೋಡಿದರು, ಹಸಿರು ಹೊಕ್ಕನ್ನು ನೋಡಿದರು. ಆಮೇಲೆ ಎಲ್ಲಿ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಿಸೆಯಿಂದ ತಮ್ಮ ಫೋನು ತೆಗೆದು, ಅರ್ಧ ದಾರಿಯಲ್ಲಿ ಟಿಣ್ ಎಂದದ್ದನ್ನು ಒತ್ತಿದರು. ರತ್ನವ್ವನ ಗಡಸು ದನಿ ಮನೆಯನ್ನೆಲ್ಲ ತುಂಬಿತು.

"ಸಾವ್ಕಾರ್ರ, ಕರಿ ತಗದು ಗಿಳಿಹಸಿರು ಹಾಕೇವ್ರಿ. ಊಟಾ ಇನ್ನೂ ಆಗಿಲ್ರಿ. ನೀವು ಬಂದ್ರ ಕೂಡೇ ಉಣ್ಣೂನು."

ಅಂದಾನಪ್ಪನವರು ಬಗ್ಗಿ ಚಪ್ಪಲಿ ಬಿಟ್ಟರು. ಒಳಗೆ ಬಂದು ತಮ್ಮ ಫೋನನ್ನು, ಮಹಾನಂದಾಳ ಫೋನನ್ನು, ಎರಡನ್ನೂ ಬಸವಣ್ಣನ ಪಟದ ಕೆಳಗಿನ ಮಾಡಿನಲ್ಲಿಟ್ಟರು. ಮಗ್ಗಗಳ ನಡುವೆ ಖಾಲಿ ಇದ್ದ ನೆಲದ ಮೇಲೆ ಕಾಲು ಮಡಚಿ ಕೂತರು. ರತ್ನವ್ವ ರೊಟ್ಟಿಯ ಗಂಟು ಬಿಚ್ಚಿದಳು, ಹಬ್ಬಕ್ಕೆ ಮೊದಲೇ ಕಟ್ಟಿಟ್ಟಿದ್ದ ಶೇಂಗಾ ಉಂಡಿ ತಂದಿಟ್ಟಳು. ಮಹಾನಂದಾ ಬಡಿಸುವ ಹುರುಪಿನಲ್ಲಿ ಪಲ್ಯವನ್ನು ಆಚೀಚೆ ಚೆಲ್ಲಿದಳು.

ಅಂದಾನಪ್ಪನವರು ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು. ಅಗಿದು, ನುಂಗಿ, ಗೋಡೆಯ ಮೇಲಿನ ಕುಂಕುಮ ಹಚ್ಚಿದ ಫೋನಿನ ಕಡೆ ಗಲ್ಲ ತೋರಿಸಿದರು.

"ಮಹಾನಂದಾ, ಹಿಂಥಾದ್ದೊಂದು ಇಳಕಲ್ಲಿನ ರಾಟಿ ಬಾಜೂಕೂ ಹಾಕಸ," ಎಂದರು. "ಅಲ್ಲಿ ಮಂದೀನೂ ಉಂಡೀರೇನು ಅಂತ ನಾ ಒಮ್ಮೀನೂ ಕೇಳಿಲ್ಲ."